ಇದ್ದಿಲಿನ ವಯಸ್ಸು ಕಂಡುಹಿಡಿಯುವುದು ಹೇಗೆ: ಮಲಪ್ರಭಾ ದಂಡೆಯ ಗುಂಡಿಯಿಂದ ಲ್ಯಾಬ್ ವರದಿಯವರೆಗೆ

ಬಾಗಲಕೋಟೆ, ಬೆಳಗಾವಿ, ವಿಜಯಪುರ ಭಾಗದಲ್ಲಿ ಭೂವಿಜ್ಞಾನವನ್ನೋ ಪುರಾತತ್ವವನ್ನೋ ಓದುತ್ತಿರುವವರು ಪದೇ ಪದೇ ಕೇಳುವುದು ಒಂದೇ ಮಾತು: ಮಣ್ಣಿನ ಪದರದಲ್ಲಿ ಇದ್ದಿಲು ಸಿಕ್ಕಿದೆ, ವಯಸ್ಸು ತಿಳಿಯಲು ಇಂಗಾಲ-14 ಪರೀಕ್ಷೆಗೆ ಎಲ್ಲಿಗೆ ಕಳಿಸಬೇಕು? ಎಲ್ಲಿಗೆ ಅನ್ನೋದನ್ನ ಆಮೇಲೆ ನೋಡೋಣ. ಆ ಇದ್ದಿಲು ಯಾವ ಗಿಡದ್ದು, ಅದು ಆ ಪದರಕ್ಕೆ ಹೇಗೆ ಬಂತು, ಅದರ ವಯಸ್ಸು ಗೊತ್ತಾದರೆ ನಿಮ್ಮ ಯಾವ ಪ್ರಶ್ನೆ ಬಗೆಹರಿಯುತ್ತದೆ? ಇಷ್ಟಕ್ಕೆ ಉತ್ತರ ಇಲ್ಲದೆ ಕಳಿಸಿದರೆ ದುಡ್ಡು ದಂಡ. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ. ತಪ್ಪು ತುಂಡು ಕೊಟ್ಟರೆ ಆ ತಪ್ಪು ತುಂಡಿನ ಸರಿಯಾದ ವಯಸ್ಸನ್ನು ಹೇಳುತ್ತದೆ, ಅಷ್ಟೇ. ಅದಕ್ಕೇ ಇಲ್ಲಿ ಲ್ಯಾಬಿಗೆ ಹೋಗುವ ಮುಂಚೆ ಗುಂಡಿಯ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಇಂಗಾಲ-14 ವಿಧಾನ ಕೆಲಸ ಮಾಡುವ ಬಗೆ

ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ವಾತಾವರಣದಲ್ಲಿ ನ್ಯೂಟ್ರಾನ್‌ಗಳನ್ನು ಹುಟ್ಟಿಸುತ್ತವೆ. ಅವು ಸಾರಜನಕಕ್ಕೆ ಬಡಿದಾಗ ಇಂಗಾಲ-14 ಆಗುತ್ತದೆ. ಅದು ಗಾಳಿಯ ಇಂಗಾಲದ ಡೈಆಕ್ಸೈಡಿಗೆ ಸೇರಿ, ಗಿಡಕ್ಕೆ ಹೋಗಿ, ಗಿಡ ತಿನ್ನುವ ದನಕ್ಕೂ ನಮಗೂ ಬರುತ್ತದೆ. ಜೀವ ಇರುವವರೆಗೆ ಹೊಸದು ಬರುತ್ತಲೇ ಇರುತ್ತದೆ. ಸತ್ತ ಮೇಲೆ ಬರುವುದು ನಿಲ್ಲುತ್ತದೆ, ಇರುವುದು ಕರಗುತ್ತಾ ಹೋಗುತ್ತದೆ. ಸುಮಾರು 5730 ವರ್ಷಕ್ಕೆ ಅರ್ಧ ಉಳಿಯುತ್ತದೆ, ಇನ್ನೊಂದು ಅಷ್ಟೇ ವರ್ಷಕ್ಕೆ ಕಾಲು ಭಾಗ. ಎಷ್ಟು ಉಳಿದಿದೆ ಅಂತ ಅಳೆದರೆ ಸತ್ತು ಎಷ್ಟು ವರ್ಷವಾಯಿತು ಅಂತ ತಿಳಿಯುತ್ತದೆ. ಷಿಕಾಗೋದಲ್ಲಿ ವಿಲ್ಲಾರ್ಡ್ ಲಿಬ್ಬಿ ಮತ್ತು ಅವರ ಜೊತೆಗಾರರು 1949ರಲ್ಲಿ ಇದನ್ನು ಮಾಡಿ ತೋರಿಸಿದರು, 1960ರಲ್ಲಿ ಲಿಬ್ಬಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಕಷ್ಟ ಇರುವುದು ಪ್ರಮಾಣದಲ್ಲಿ. ಈಗಿನ ಗಿಡದಲ್ಲೂ ಸುಮಾರು ಲಕ್ಷ ಕೋಟಿ ಇಂಗಾಲ ಪರಮಾಣುಗಳಲ್ಲಿ ಒಂದೋ ಎರಡೋ ಮಾತ್ರ ಇಂಗಾಲ-14. ಹಾಗಾಗಿ 50,000 ವರ್ಷ ದಾಟಿದ ಮೇಲೆ ಅಳೆಯಲು ಏನೂ ಉಳಿದಿರುವುದಿಲ್ಲ.

ನಿಮ್ಮ ಜಾಗಕ್ಕೆ ಇದು ಹೊಂದುತ್ತದಾ?

ಮಲಪ್ರಭಾ ದಂಡೆಯ ಖ್ಯಾಡ, ಘಟಪ್ರಭಾ ಕಡೆಯ ಅನಗವಾಡಿ, ಇಲ್ಲೆಲ್ಲ ಸಿಕ್ಕಿರುವ ಕೈಗೊಡಲಿಗಳು ಹಳೆ ಶಿಲಾಯುಗದವು. ಆ ಜಲ್ಲಿ ಪದರದಲ್ಲಿ ಕಪ್ಪು ಚೂರು ಕಂಡರೂ ಇಂಗಾಲಕ್ಕೆ ಕಳಿಸಬೇಡಿ, ಕಾಲ ಮೀರಿದೆ. ಅಲ್ಲಿಗೆ ಬೇರೆ ವಿಧಾನಗಳಿವೆ. ತೀರಾ ಇತ್ತೀಚಿನದಕ್ಕೂ ಇದು ಆಗಿಬರುವುದಿಲ್ಲ. 1656ರ ಹೊತ್ತಿಗೆ ಮುಗಿದ ಗೋಳಗುಮ್ಮಟದ ಗಾರೆಯಲ್ಲಿ ಇದ್ದಿಲ ಚೂರು ಸಿಗಬಹುದು. ಆದರೆ 1650ರಿಂದ 1950ರವರೆಗಿನ ಗಾಳಿಯಲ್ಲಿ ಇಂಗಾಲ-14 ಎಷ್ಟು ಏರುಪೇರಾಗಿದೆ ಅಂದರೆ, ಒಂದೇ ಅಳತೆ ಮೂರು ನಾಲ್ಕು ಬೇರೆ ಬೇರೆ ಕಾಲಕ್ಕೆ ಹೊಂದಿಕೊಳ್ಳುತ್ತದೆ. ಬಾದಾಮಿಯ ಮೂರನೇ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇದೆ, ಐಹೊಳೆಯ ಮೇಗುಟಿಯಲ್ಲಿ 634ರದ್ದು ಇದೆ. ಇಂಥ ಕಡೆ ಕಲ್ಲೇ ವರ್ಷ ಹೇಳುತ್ತದೆ, ಲ್ಯಾಬ್ ಬೇಡ. ಆದರೆ ಅದೇ ಊರಿನ ಗುಡಿಗಳ ತಳಪಾಯದ ಕೆಳಗೆ ಏನಿದೆ ಅನ್ನುವುದಕ್ಕೆ ಬೇಕು. ನವಶಿಲಾಯುಗದ ಬೂದಿಗೆ ಬೇಕು, ಬೆಳಗಾವಿ ಪಕ್ಕದ ವಡಗಾಂವ-ಮಾಧವಪುರದಂಥ ಶಾತವಾಹನ ಕಾಲದ ನೆಲೆಗೆ ಬೇಕು, ಹತ್ತು ಹದಿನೈದು ಸಾವಿರ ವರ್ಷದ ಹೊಳೆ ಮಣ್ಣಿಗೆ ಬೇಕು.

ಇನ್ನೊಂದು ಮಾತು, ಇದನ್ನು ಖಡಕ್ಕಾಗಿಯೇ ಹೇಳುತ್ತೇನೆ. ಹಳೆ ನೆಲೆಯಲ್ಲಿ ಸ್ವಂತಕ್ಕೆ ಗುದ್ದಲಿ ಹಾಕಬಾರದು. ಉತ್ಖನನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾನಗಿ ಬೇಕು. ಒಂದು ಸಲ ಅಗೆದ ಪದರ ಮತ್ತೆ ಬರುವುದಿಲ್ಲ. ಪರವಾನಗಿ ಇರುವ ತಂಡದ ಜೊತೆ ಸೇರಿಕೊಳ್ಳಿ. ಮೊದಲೇ ಕೊರೆದು ನಿಂತ ಹಳ್ಳದ ದಂಡೆಯಲ್ಲಿ, ಹಳೆ ನೆಲೆಯ ಗುರುತೇನೂ ಇಲ್ಲದ ಕಡೆ, ಭೂವಿಜ್ಞಾನಕ್ಕಾಗಿ ಮಾದರಿ ತೆಗೆಯುವುದು ಬೇರೆ ಮಾತು. ಆಗಲೂ ಹೊಲದ ಮಾಲೀಕರನ್ನು ಕೇಳದೆ ಕೆಲಸ ಶುರು ಮಾಡಬೇಡಿ.

ಗುಂಡಿಯ ಗೋಡೆ ಓದುವುದು

ನಮ್ಮ ಕಡೆಯ ಎರೆ ಮಣ್ಣು ಇದ್ದಿಲ ಕೆಲಸಕ್ಕೆ ದೊಡ್ಡ ತೊಡಕು. ಬೇಸಿಗೆಯಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ ಅಂತ ನೋಡಿದ್ದೀರಲ್ವಾ? ಏಪ್ರಿಲ್, ಮೇ ಹೊತ್ತಿಗೆ ಕೈ ತೂರುವಷ್ಟು ಬಿರುಕು, ಆಳ ಒಂದು ಮೀಟರಿನ ತನಕ. ಮೇಲಿನ ಬೂದಿ, ಕಣಿಕಿ ಚೂರು, ನಿನ್ನೆ ಸುಟ್ಟ ಕಸ ಎಲ್ಲ ಅದರೊಳಗೆ ಬೀಳುತ್ತದೆ. ಮಳೆ ಬಂದರೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಮುಂದೆ ನೀವು ಅಗೆದಾಗ 80 ಸೆಂಟಿಮೀಟರ್ ಆಳದಲ್ಲಿ ಅಚ್ಚುಕಟ್ಟಾದ ಕಪ್ಪು ಚೂರು ಕಾಣುತ್ತದೆ, ಸುತ್ತ ಗಟ್ಟಿ ಮಣ್ಣು, ಅದು ಅಲ್ಲೇ ಹುಟ್ಟಿದ್ದು ಅನ್ನಿಸುತ್ತದೆ. ಮಣ್ಣಿನ ಹೆಂಟೆ ಒಡೆದು ನೋಡಿ. ಒಡೆದ ಮೈ ನುಣ್ಣಗೆ ಹೊಳೆಯುತ್ತಿದ್ದರೆ, ಉಜ್ಜಿದಂಥ ಗೆರೆ ಇದ್ದರೆ, ಆ ಮಣ್ಣು ಹಿಗ್ಗಿ ಕುಗ್ಗಿ ಅಲ್ಲಾಡಿದೆ ಅಂತ ಅರ್ಥ. ಅಲ್ಲಿಯ ಒಂಟಿ ಚೂರನ್ನು ನಾನು ಯಾವತ್ತೂ ನಂಬುವುದಿಲ್ಲ.

ಎರಡನೆಯದು ಹಗೇವು. ಜೋಳ ತುಂಬಲು ತೋಡಿದ ಹಗೇವುಗಳು ಈ ಭಾಗದ ಹಳೆ ಊರುಗಳಲ್ಲಿ ಇವೆ. ಅವು ಮುಚ್ಚಿಹೋಗಿ, ಮೇಲೆ ಮನೆ ಬಂದು, ಆಮೇಲೆ ಅದೂ ಬಿದ್ದು, ಈಗ ಬರೀ ದಿಬ್ಬ ಕಾಣುತ್ತಿರಬಹುದು. ಹಗೇವು ಹಳೆ ಪದರಗಳನ್ನು ಸೀಳಿಕೊಂಡು ಕೆಳಗೆ ಹೋಗಿರುತ್ತದೆ. ಅದರ ತಳದಲ್ಲಿ ಸುಟ್ಟ ಜೋಳ ಸಿಕ್ಕರೆ ಆಳ ನೋಡಿ ಮೋಸ ಹೋಗಬೇಡಿ. ಗುಂಡಿಯ ಗೋಡೆಗೆ ನೀರು ಚಿಮುಕಿಸಿ, ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ನೋಡಿ. ಸೀಳಿದ ಗೆರೆ ಸಾಮಾನ್ಯವಾಗಿ ಆಗ ಎದ್ದು ಕಾಣುತ್ತದೆ. ಒಳಗಿನ ಮಣ್ಣು ಸಡಿಲ ಇರುತ್ತದೆ, ಬಣ್ಣವೂ ಬೇರೆ. ಇಲಿ, ಹೆಗ್ಗಣದ ಬಿಲ, ಗೆದ್ದಲಿನ ದಾರಿ, ಬೇವಿನ ಬೇರು ಇವೂ ಇದೇ ಕೆಲಸ ಮಾಡುತ್ತವೆ, ಆದರೆ ಸಣ್ಣ ಮಟ್ಟದಲ್ಲಿ.

ಮೂರನೆಯದು ಕಬ್ಬು. ಕಟಾವಾದ ಮೇಲೆ ರವದಿ, ಅಂದರೆ ಕಬ್ಬಿನ ಒಣ ಎಲೆ, ಸುಡುತ್ತಾರೆ. ಕರಿ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ಗುಂಡಿಯ ಗೋಡೆಗೂ ಮೆತ್ತಿಕೊಳ್ಳುತ್ತದೆ. ಹಾಗಾಗಿ ಮಾದರಿ ತೆಗೆಯುವ ಮುಂಚೆ ಗೋಡೆಯನ್ನು ಐದಾರು ಸೆಂಟಿಮೀಟರ್ ಒಳಕ್ಕೆ ಹೆರೆದು ಹೊಸ ಮೈ ತೆಗೆಯಿರಿ. ರವದಿಯ ಚೂರು ಅಕಸ್ಮಾತ್ ಸೇರಿಕೊಂಡರೂ ಲ್ಯಾಬಿನಲ್ಲಿ ಸಿಕ್ಕಿಬೀಳುವ ದಾರಿ ಒಂದಿದೆ, ಮುಂದೆ ಹೇಳುತ್ತೇನೆ.

ಯಾವ ಚೂರು ಆರಿಸಬೇಕು

ಲ್ಯಾಬ್ ಅಳೆಯುವುದು ಗಿಡ ಆ ಇಂಗಾಲ ಕಟ್ಟಿಕೊಂಡ ಕಾಲವನ್ನು, ಒಲೆ ಉರಿದ ಕಾಲವನ್ನಲ್ಲ. ಇನ್ನೂರು ವರ್ಷದ ಸಾಗವಾನಿ ಮರದ ತಿರುಳು, ಮರ ಕಡಿಯುವ ದಿನವೇ ಇನ್ನೂರು ವರ್ಷ ಹಳೆಯದಾಗಿರುತ್ತದೆ. ಮೇಲಾಗಿ ನಮ್ಮವರು ಮರ ಬಿಸಾಕುವುದಿಲ್ಲ. ಹಳೆ ವಾಡೆಯ ಜಂತಿ, ತೊಲೆ ಹೊಸ ಮನೆಗೆ ಬರುತ್ತದೆ, ಅಲ್ಲಿಂದ ದನದ ಕೊಟ್ಟಿಗೆಗೆ, ಕೊನೆಗೆ ಒಲೆಗೆ. ಆ ಇದ್ದಿಲು ಒಲೆಗಿಂತ ಎಷ್ಟೋ ಹಿಂದಿನದು.

ಅದಕ್ಕೆ ಒಂದೇ ವರ್ಷ ಬದುಕಿದ್ದನ್ನು ಹುಡುಕಿ. ಸುಟ್ಟ ಕಾಳು ಸಿಕ್ಕರೆ ಅದೇ ಅದೃಷ್ಟ. ಕರ್ನಾಟಕದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆ ಸಿಕ್ಕಿವೆ. ಕಾಳು ಕಣ್ಣಿಗೆ ಬೀಳುವುದು ಕಡಿಮೆ, ತೇಲಿಸಿ ತೆಗೆಯಬೇಕು. ಪದರದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಬಕೆಟ್ ನೀರಿಗೆ ಹಾಕಿ, ಮೆತ್ತಗೆ ಕಲಕಿ, ಮೇಲೆ ತೇಲಿದ್ದನ್ನು ಕಾಲು ಮಿಲಿಮೀಟರ್ ಕಣ್ಣಿನ ಜರಡಿಗೆ ಸುರಿಯಿರಿ. ಎರೆ ಮಣ್ಣು ಬೇಗ ಬಿಡುವುದಿಲ್ಲ, ನೆನೆಯಲು ಬಿಡಿ, ಕೈಯಿಂದ ಹಿಸುಕಬೇಡಿ. ಕಾಳು ಇಲ್ಲದಿದ್ದರೆ ತೊಗಟೆ ಇರುವ ಸಣ್ಣ ಕಡ್ಡಿ. ಅದೂ ಇಲ್ಲದಿದ್ದರೆ ಮಾತ್ರ ದಪ್ಪ ಇದ್ದಿಲು.

ಒಂದು ಪದರಕ್ಕೆ ಒಂದೇ ವಯಸ್ಸು ಸಾಲದು. ಒಂದು ಚೂರು ಸುಳ್ಳಾಗಬಹುದು, ಒಂದೇ ಪದರದ ಮೂರು ಕಾಳು ಒಂದೇ ಮಾತು ಹೇಳಿದರೆ ನಂಬಬಹುದು. ಹಲವು ಚೂರು ಒಟ್ಟು ಸೇರಿಸಿ ಒಂದು ಮಾದರಿ ಮಾಡುವುದು ತಪ್ಪು. ಸರಾಸರಿ ಬರುತ್ತದೆ, ಆ ಸರಾಸರಿ ಕಾಲದಲ್ಲಿ ಯಾವ ಗಿಡವೂ ಬದುಕಿರಲಿಲ್ಲದೆ ಇರಬಹುದು.

ತೆಗೆಯುವುದು, ಕಟ್ಟುವುದು

ಕೈ ತಾಗಿಸಬೇಡಿ. ತೊಳೆದ ಸ್ಟೀಲ್ ಚಿಮಟ, ಚೂಪು ಖುರ್ಪಿ ಸಾಕು. ಚೂರನ್ನು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಆಮೇಲೆ ಜಿಪ್ ಕವರಿಗೆ ಹಾಕಿ. ಹತ್ತಿ, ಪೇಪರ್, ಬೆಂಕಿಪೊಟ್ಟಣ ಬೇಡ, ಅವೆಲ್ಲ ಹೊಸ ಇಂಗಾಲ. ಚೀಟಿ ಕವರಿನ ಹೊರಗೆ ಇರಲಿ, ಮಾದರಿಯ ಜೊತೆ ಒಳಗೆ ಅಲ್ಲ. ಗುಂಡಿಯ ಹತ್ತಿರ ಬೀಡಿ ಸಿಗರೇಟು ಇಲ್ಲ. ಕೆಲಸ ಶುರು ಮಾಡುವಾಗ ಪೂಜೆ ಮಾಡುವುದಾದರೆ ಮಾಡಿ, ಆದರೆ ಅಗರಬತ್ತಿ, ಧೂಪ ಗುಂಡಿಯಿಂದ ದೂರ. ಮೂಳೆ ಒಡೆಯುತ್ತಿದೆ ಅಂತ ಫೆವಿಕಾಲ್ ಹಚ್ಚಬೇಡಿ. ಒದ್ದೆ ಮಾದರಿಯನ್ನು ಹಾಗೇ ಕಟ್ಟಿಟ್ಟರೆ ಬೂಸ್ಟು ಬರುತ್ತದೆ, ಬೂಸ್ಟು ತಾನೇ ಹೊಸ ಇಂಗಾಲ ತರುತ್ತದೆ. ಅದೇ ದಿನ ಫಾಯಿಲ್ ತೆರೆದು ನೆರಳಲ್ಲಿ, ಅಥವಾ 40 ಡಿಗ್ರಿ ಓವನ್‌ನಲ್ಲಿ ಒಣಗಿಸಿ.

ಎಷ್ಟು ಬೇಕು? ಎಎಂಎಸ್ ಯಂತ್ರಕ್ಕೆ, ಅಂದರೆ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ವೇಗವರ್ಧಕಕ್ಕೆ, ಕೊನೆಗೆ ಬೇಕಾಗುವುದು 1 ಮಿಲಿಗ್ರಾಂ ಇಂಗಾಲ. ತೊಳೆಯುವಾಗ ತುಂಬ ಹೋಗುತ್ತದೆ, ಅದಕ್ಕೆ ಇದ್ದಿಲು 20ರಿಂದ 50 ಮಿಲಿಗ್ರಾಂ ಕಳಿಸಿ. ಮೂಳೆ ಒಂದೆರಡು ಗ್ರಾಂ. ಹಳೆಯ ದ್ರವ ಎಣಿಕೆ ವಿಧಾನವಾದರೆ ಇಂಗಾಲವೇ ಹಲವು ಗ್ರಾಂ ಬೇಕು. ಭಾರತದಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ, ದೆಹಲಿಯ ಅಂತರ್ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರ ಇವುಗಳಲ್ಲಿ ಎಎಂಎಸ್ ಇದೆ. ಕಳಿಸುವ ಮುಂಚೆ ಅವರ ಹತ್ತಿರ ಮಾತಾಡಿ. ಫಾರ್ಮಿನಲ್ಲಿ ಪದರದ ಚಿತ್ರ, ಆಳ, ಸುತ್ತ ಏನಿತ್ತು, ಎಷ್ಟು ವಯಸ್ಸು ಇರಬಹುದು ಅಂತ ನಿಮ್ಮ ಅಂದಾಜು, ಎಲ್ಲ ಬರೆಯಿರಿ. ಅಂದಾಜು ಹೇಳಿದರೆ ಲ್ಯಾಬಿನವರು ಅದಕ್ಕೆ ತಕ್ಕಂತೆ ಉತ್ತರ ಕೊಡುತ್ತಾರೆ ಅನ್ನುವ ಅನುಮಾನ ಬೇಡ. ತುಂಬ ಹಳೆಯದರ ಪಕ್ಕ ತುಂಬ ಹೊಸದನ್ನು ಇಟ್ಟು ಕೆಲಸ ಮಾಡದಿರಲು ಅವರಿಗೆ ಅದು ಬೇಕು.

ಲ್ಯಾಬಿನಲ್ಲಿ: ತೊಳೆಯುವುದೇ ಅರ್ಧ ಕೆಲಸ

ಮೊದಲು ಮೈಕ್ರೋಸ್ಕೋಪ್. ಕೂದಲಿನಷ್ಟು ಸಣ್ಣ ಬೇರು ಇದ್ದಿಲ ಸಂದಿಗಳಲ್ಲಿ ಇಳಿದಿರುತ್ತದೆ, ಒಂದೊಂದಾಗಿ ಎಳೆದು ತೆಗೆಯಬೇಕು. ಆಮೇಲೆ ಇದ್ದಿಲನ್ನು ಒಂದು ಮಿಲಿಮೀಟರಿನ ಚೂರು ಮಾಡಿ. ಪುಡಿ ಮಾಡಿದರೆ ತೊಳೆಯುವಾಗ ಕೊಚ್ಚಿ ಹೋಗುತ್ತದೆ.

ಆಮೇಲೆ ಆಮ್ಲ, ಕ್ಷಾರ, ಮತ್ತೆ ಆಮ್ಲ. ಕನ್ನಡಕ, ಕೈಗವಸು ಹಾಕಿಕೊಂಡು ಫ್ಯೂಮ್ ಹುಡ್ ಒಳಗೇ ಮಾಡಿ, ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಮೊದಲಿಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 80 ಡಿಗ್ರಿ ಬಿಸಿ, ಅರ್ಧದಿಂದ ಒಂದು ತಾಸು. ನಮ್ಮ ಎರೆ ಮಣ್ಣಲ್ಲಿ ಸುಣ್ಣದ ಹರಳು ಜಾಸ್ತಿ, ಅದಕ್ಕೇ ಜೋರಾಗಿ ನೊರೆ ಬರುತ್ತದೆ. ನೊರೆ ಪೂರ್ತಿ ನಿಲ್ಲುವ ತನಕ ಬಿಡಬೇಡಿ. ಶುದ್ಧ ನೀರಿನಲ್ಲಿ ಆಮ್ಲ ಹೋಗುವವರೆಗೆ ತೊಳೆಯಿರಿ.

ಎರಡನೆಯದು ಸೋಡಿಯಂ ಹೈಡ್ರಾಕ್ಸೈಡ್. ಗಿಡಗಳು ಕೊಳೆತು ಹುಟ್ಟಿ, ಮಣ್ಣಿನ ನೀರಿನ ಜೊತೆ ಮೇಲಿನ ಪದರದಿಂದ ಇಳಿದ ಹ್ಯೂಮಿಕ್ ಆಮ್ಲ ಇಲ್ಲಿ ಬಿಡುತ್ತದೆ. ಇದೇ ನೋಡಬೇಕಾದ ಹಂತ. ಕ್ಷಾರ ಹಾಕಿದ ಸ್ವಲ್ಪ ಹೊತ್ತಿಗೆ ಟ್ಯೂಬಿನ ತಳದಿಂದ ಕಂದು ಬಣ್ಣ ಎಳೆ ಎಳೆಯಾಗಿ ಮೇಲೇಳುತ್ತದೆ, ನೋಡನೋಡುತ್ತಾ ಇಡೀ ಟ್ಯೂಬು ಡಿಕಾಕ್ಷನ್ ತರಹ ಆಗುತ್ತದೆ. ಸುರಿದು, ಹೊಸ ಕ್ಷಾರ ಹಾಕಿ. ಬಣ್ಣ ತಿಳಿಯಾಗುವ ತನಕ ಇದೇ. ಆದರೆ ಕಣ್ಣು ಇದ್ದಿಲ ಮೇಲೂ ಇರಲಿ. ಹಳೆಯ, ಮೆತ್ತಗಾದ ಇದ್ದಿಲು ಇಲ್ಲಿ ತಾನೇ ಕರಗಿ ಮಾಯವಾಗಿಬಿಡುತ್ತದೆ. ಅಂಥದ್ದಕ್ಕೆ 0.1 ಮೋಲಾರ್, ಕಡಿಮೆ ಬಿಸಿ, ಕಡಿಮೆ ಹೊತ್ತು. ಟ್ಯೂಬಿನ ಬಣ್ಣ, ಎಷ್ಟು ಸಲ ಬದಲಿಸಿದಿರಿ, ಮೊದಲಿನ ತೂಕ, ಕೊನೆಯ ತೂಕ, ಎಲ್ಲ ಪುಸ್ತಕದಲ್ಲಿ ಬರೆದಿಡಿ. ಮುಂದೆ ವಯಸ್ಸು ವಿಚಿತ್ರ ಬಂದರೆ ಈ ಪುಟವೇ ದಾರಿ ತೋರಿಸುವುದು.

ಮೂರನೆಯದು ಮತ್ತೆ ಆಮ್ಲ. ಇದನ್ನು ಬಿಟ್ಟುಬಿಡೋಣ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಬಿಡಬಾರದು. ಕ್ಷಾರ ಈಗಿನ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಿರುತ್ತದೆ, ಅದನ್ನು ಓಡಿಸಲು ಈ ತೊಳೆತ ಬೇಕು. ಆಮೇಲೆ ಮತ್ತೆ ನೀರಲ್ಲಿ ತೊಳೆದು, 60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ.

ಇಷ್ಟು ಒದ್ದಾಡುವುದು ಯಾಕೆ ಅಂದರೆ ಲೆಕ್ಕ ನೋಡಿ. ಇಂಗಾಲ-14 ಒಂದಿಷ್ಟೂ ಇಲ್ಲದ ಅತಿ ಹಳೆಯ ವಸ್ತುವಿಗೆ ಶೇಕಡಾ 1 ಹೊಸ ಇಂಗಾಲ ಸೇರಿದರೆ ಅದು 37,000 ವರ್ಷದ್ದು ಅಂತ ಬರುತ್ತದೆ. ಅದೇ 2450 ವರ್ಷದ ಮಾದರಿಗೆ ಶೇಕಡಾ 1 ಹೊಸದು ಸೇರಿದರೆ ತಪ್ಪಾಗುವುದು 30 ವರ್ಷಕ್ಕಿಂತ ಕಡಿಮೆ. ಮಾದರಿ ಹಳೆಯದಾದಷ್ಟೂ ಕೊಳೆ ಜಾಸ್ತಿ ಕಾಡುತ್ತದೆ.

ಮೂಳೆಯಲ್ಲಿ ಬೇಕಾದ್ದು ಕೊಲಾಜೆನ್ ಅನ್ನುವ ಪ್ರೋಟೀನ್ ಮಾತ್ರ. ನಮ್ಮ ಬಿಸಿಲಿಗೆ, ಮಳೆಗಾಲಕ್ಕೆ ಅದು ಉಳಿಯುವುದೇ ಕಷ್ಟ. ಮೊದಲು ಸಾರಜನಕ ಅಳೆಸಿ. ಶೇಕಡಾ 0.7ರ ಆಸುಪಾಸಿಗಿಂತ ಕಡಿಮೆ ಇದ್ದರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕೊಲಾಜೆನ್ ಸಿಕ್ಕಿದರೆ ಅದರ ಇಂಗಾಲ-ಸಾರಜನಕ ಅನುಪಾತ 2.9ರಿಂದ 3.6ರ ಒಳಗೆ ಇದೆಯಾ ನೋಡಿ. ಇಲ್ಲದಿದ್ದರೆ ಆ ವಯಸ್ಸು ಬೇಡ.

ಹೊಳೆಯ ಚಿಪ್ಪು, ಬಸವನಹುಳುವಿನ ಚಿಪ್ಪು ಚೆನ್ನಾಗಿ ಉಳಿದಿರುತ್ತವೆ, ಆಸೆ ಹುಟ್ಟಿಸುತ್ತವೆ. ಆದರೆ ಬಾಗಲಕೋಟೆ, ಲೋಕಾಪುರ, ಕಲಾದಗಿ ಸುತ್ತ ನೂರು ಕೋಟಿ ವರ್ಷಕ್ಕೂ ಹಳೆಯ ಸುಣ್ಣದಕಲ್ಲು ಇದೆ. ಅದರಲ್ಲಿ ಇಂಗಾಲ-14 ಸೊನ್ನೆ. ಆ ಕಲ್ಲು ಕರಗಿದ ನೀರಲ್ಲಿ ಬೆಳೆದ ಜೀವ ಚಿಪ್ಪನ್ನು ಅದೇ ಸತ್ತ ಇಂಗಾಲದಿಂದ ಕಟ್ಟಿಕೊಳ್ಳುತ್ತದೆ. ಹತ್ತನೇ ಒಂದು ಭಾಗ ಅಂಥದ್ದಾದರೂ ವಯಸ್ಸು ಸುಮಾರು 850 ವರ್ಷ ಹಿಂದೆ ಹೋಗುತ್ತದೆ. ಪಕ್ಕದಲ್ಲೇ ಇದ್ದ ಕಾಳಿನ ವಯಸ್ಸು ಇಲ್ಲದೆ ಈ ಸೀಮೆಯ ಚಿಪ್ಪಿನ ವಯಸ್ಸನ್ನು ನಾನು ಒಪ್ಪುವುದಿಲ್ಲ. ಹೊಳೆ ಮಣ್ಣಾದರೆ, ಕ್ಷಾರದಲ್ಲಿ ಕರಗಿದ ಭಾಗ, ಕರಗದೆ ಉಳಿದ ಭಾಗ ಎರಡನ್ನೂ ಬೇರೆ ಬೇರೆ ಅಳೆಸಿ. ಎರಡೂ ಹೊಂದಿದರೆ ಸಮಾಧಾನ.

ಗ್ರಾಫೈಟ್ ಮತ್ತು ಎಣಿಕೆ

ತೊಳೆದ ಚೂರಿನಲ್ಲಿ ಎರಡು ಮೂರು ಮಿಲಿಗ್ರಾಂ ತೂಗಿ, ತಾಮ್ರದ ಆಕ್ಸೈಡ್ ಮತ್ತು ಬೆಳ್ಳಿ ತಂತಿಯ ಜೊತೆ ಕ್ವಾರ್ಟ್ಜ್ ಟ್ಯೂಬಿಗೆ ಹಾಕಿ, ಗಾಳಿ ತೆಗೆದು ಮುಚ್ಚಿ, 900 ಡಿಗ್ರಿಯಲ್ಲಿ ಸುಡುತ್ತಾರೆ. ಬಂದ ಅನಿಲದಿಂದ ನೀರನ್ನು ಒಂದು ತಣ್ಣನೆಯ ಬಲೆಯಲ್ಲಿ ಹಿಡಿದು, ಇಂಗಾಲದ ಡೈಆಕ್ಸೈಡನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಕಬ್ಬಿಣದ ಪುಡಿಯ ಮೇಲೆ ಹೈಡ್ರೋಜನ್ ಜೊತೆ 550ರಿಂದ 600 ಡಿಗ್ರಿಯಲ್ಲಿ ಕೆಲವು ತಾಸು ಬಿಟ್ಟರೆ ಕಪ್ಪು ಗ್ರಾಫೈಟ್ ಕೂರುತ್ತದೆ. ಅದನ್ನು ಅಲ್ಯೂಮಿನಿಯಂ ಬಿಲ್ಲೆಯ ಸಣ್ಣ ತೂತಿಗೆ ಒತ್ತಿ ಯಂತ್ರದ ಚಕ್ರಕ್ಕೆ ಏರಿಸುತ್ತಾರೆ.

ಆ 1 ಮಿಲಿಗ್ರಾಂನಲ್ಲಿ, ಹೊಸ ಇಂಗಾಲವಾದರೆ, 6 ಕೋಟಿಯಷ್ಟು ಇಂಗಾಲ-14 ಪರಮಾಣು ಇರುತ್ತವೆ. ಇಡೀ ದಿನದಲ್ಲಿ ಅವುಗಳಲ್ಲಿ ಸಿಡಿಯುವುದು 20ರಷ್ಟು ಮಾತ್ರ. ಹಳೆ ವಿಧಾನ ಸಿಡಿಯುವುದನ್ನು ಕಾದು ಎಣಿಸುತ್ತಿತ್ತು, ಅದಕ್ಕೇ ಗ್ರಾಂಗಟ್ಟಲೆ ಬೇಕಿತ್ತು. ಎಎಂಎಸ್ ಪರಮಾಣುಗಳನ್ನೇ ಎಣಿಸುತ್ತದೆ. ಇಂಗಾಲ-14ರಷ್ಟೇ ತೂಕದ ಸಾರಜನಕ-14 ಅಡ್ಡ ಬರಬೇಕಿತ್ತು, ಆದರೆ ಯಂತ್ರ ಮೊದಲು ಪರಮಾಣುಗಳನ್ನು ಋಣ ವಿದ್ಯುತ್ ಇರುವ ಅಯಾನು ಮಾಡುತ್ತದೆ, ಸಾರಜನಕ ಹಾಗೆ ಋಣ ಅಯಾನಾಗಿ ನಿಲ್ಲುವುದಿಲ್ಲ. ಹಾಗಾಗಿ ಮೊದಲ ಹೆಜ್ಜೆಯಲ್ಲೇ ಅದು ಹೊರಗೆ.

ಅದೇ ಚಕ್ರದಲ್ಲಿ ನಿಮ್ಮ ಮಾದರಿಯ ಜೊತೆ ಅಳತೆಗೋಲಾಗಿ ಆಕ್ಸಾಲಿಕ್ ಆಮ್ಲ ಇರುತ್ತದೆ, 1977ರ ಫ್ರೆಂಚ್ ಬೀಟ್ ಕಾಕಂಬಿಯಿಂದ ಮಾಡಿದ್ದು. ಇಂಗಾಲ-14 ಇಲ್ಲದ ಕಲ್ಲಿದ್ದಲಿನಂಥದ್ದೂ ಇರುತ್ತದೆ, ಲ್ಯಾಬಿನಲ್ಲಿ ಎಷ್ಟು ಕೊಳೆ ಸೇರುತ್ತಿದೆ ಅಂತ ತಿಳಿಯಲು. ಅದನ್ನೂ ನಿಮ್ಮ ಇದ್ದಿಲಿನ ಹಾಗೇ ಆಮ್ಲ, ಕ್ಷಾರದಲ್ಲಿ ತೊಳೆದಿದ್ದಾರಾ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ವರದಿ ಓದುವುದು

ವರದಿಯಲ್ಲಿ 0.737 ಅನ್ನುವಂಥ ಒಂದು ಪಾಲು ಇರುತ್ತದೆ, 1950ರ ಮಟ್ಟವನ್ನು 1 ಅಂತ ಹಿಡಿದರೆ ಮಾದರಿಯಲ್ಲಿ ಇಂಗಾಲ-14 ಎಷ್ಟಿದೆ ಅಂತ. ಅದರ ಸ್ವಾಭಾವಿಕ ಲಾಗರಿದಂ ತೆಗೆದು ಮೈನಸ್ 8033ರಿಂದ ಗುಣಿಸಿ. ಸುಮಾರು 2450 ಬರುತ್ತದೆ. ಅದು ಬಿಪಿ ವಯಸ್ಸು, ಅಂದರೆ 1950ರಿಂದ ಹಿಂದಕ್ಕೆ, ನೀವು ಓದುತ್ತಿರುವ ವರ್ಷದಿಂದಲ್ಲ. 8033 ಬಂದದ್ದು ಲಿಬ್ಬಿಯ ಹಳೆ ಅರ್ಧಾಯುಷ್ಯ 5568ರಿಂದ. ತಿದ್ದಲು ಹೋಗಬೇಡಿ, ಪ್ರಪಂಚದ ಎಲ್ಲ ಲ್ಯಾಬುಗಳೂ ಹೀಗೇ ಕೊಡುತ್ತವೆ, ಮುಂದಿನ ಹೆಜ್ಜೆಯಲ್ಲಿ ಅದು ಸರಿಹೋಗುತ್ತದೆ.

ಪಕ್ಕದಲ್ಲಿ ಡೆಲ್ಟಾ-13 ಅಂತ ಇರುತ್ತದೆ, ಇಂಗಾಲ-12ಕ್ಕೆ ಹೋಲಿಸಿದರೆ ಇಂಗಾಲ-13 ಎಷ್ಟಿದೆ ಅಂತ ತೋರಿಸುವ ಅಂಕಿ. ಬೇವು, ಹುರುಳಿ ಇವಕ್ಕೆ ಮೈನಸ್ 25ರ ಹತ್ತಿರ. ಜೋಳ, ಸಜ್ಜೆ, ಕಬ್ಬು, ಕೊರಲೆ ಇವಕ್ಕೆ ಮೈನಸ್ 11ರಿಂದ 13. ಎಲ್ಲವನ್ನೂ ಮೈನಸ್ 25ಕ್ಕೆ ತಂದು ಲೆಕ್ಕ ಮಾಡಬೇಕು. ಒಂದು ಅಂಕಕ್ಕೆ ಸುಮಾರು 16 ವರ್ಷ. ಜೋಳದ ಕಾಳಿಗೆ ಇದನ್ನು ಮಾಡದಿದ್ದರೆ 200 ವರ್ಷಕ್ಕೂ ಹೆಚ್ಚು ಚಿಕ್ಕದಾಗಿ ಕಾಣುತ್ತದೆ. ರವದಿ ಸಿಕ್ಕಿಬೀಳುತ್ತದೆ ಅಂದೆನಲ್ಲ, ಅದೂ ಇಲ್ಲೇ. ಹಳೆ ಪದರದ ಮರದ ಇದ್ದಿಲು ಅಂತ ಕಳಿಸಿದ್ದು ಮೈನಸ್ 12 ತೋರಿಸಿ, ಪಾಲು 1ಕ್ಕಿಂತ ಮೇಲೆ ಬಂದಿದ್ದರೆ, ಅದು ಮರವೂ ಅಲ್ಲ, ಹಳೆಯದೂ ಅಲ್ಲ. 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಇಂಗಾಲ-14 ಏರಿಸಿದವು, 1963-64ರ ಹೊತ್ತಿಗೆ ಉತ್ತರಾರ್ಧ ಗೋಳದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. 1ಕ್ಕಿಂತ ಮೇಲಿನ ಪಾಲು ಅದರ ಗುರುತು.

ಈಗ ಬಿಪಿಯನ್ನು ನಿಜವಾದ ವರ್ಷಕ್ಕೆ ತರಬೇಕು. ಗಾಳಿಯ ಇಂಗಾಲ-14 ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ, ಅದನ್ನು ಮರದ ಉಂಗುರಗಳಿಂದ ತಿದ್ದುತ್ತಾರೆ. ಯಾವ ಬಿಪಿ ಯಾವ ವರ್ಷಕ್ಕೆ ಹೊಂದುತ್ತದೆ ಅಂತ ತೋರಿಸುವ ವಕ್ರರೇಖೆಗಳಿವೆ, ನಮಗೆ ಉತ್ತರಾರ್ಧ ಗೋಳದ ಇಂಟ್‌ಕ್ಯಾಲ್20. ಈ ಲೆಕ್ಕ ಮಾಡುವ ಆಕ್ಸ್‌ಕ್ಯಾಲ್ ತಂತ್ರಾಂಶ ಉಚಿತ, ಬ್ರೌಸರಿನಲ್ಲೇ ತೆರೆಯುತ್ತದೆ. ಹೆಸರು, ವಯಸ್ಸು, ಪ್ಲಸ್-ಮೈನಸ್ ಕೊಟ್ಟು, ವಕ್ರರೇಖೆ ಆರಿಸಿ ಓಡಿಸಿದರೆ ಸಾಕು.

2450, ಪ್ಲಸ್-ಮೈನಸ್ 30 ಕೊಟ್ಟು ನೋಡಿ. ಕ್ರಿ.ಪೂ. 750ರಿಂದ ಹೆಚ್ಚುಕಡಿಮೆ 400ರವರೆಗೆ ಚಾಚಿಕೊಂಡ ಉತ್ತರ ಬರುತ್ತದೆ. ಲ್ಯಾಬಿನ ತಪ್ಪಲ್ಲ. ಕ್ರಿ.ಪೂ. 800ರಿಂದ 400ರ ನಡುವೆ ವಕ್ರರೇಖೆಯೇ ಚಪ್ಪಟೆ. ನಮ್ಮ ಕಡೆಯ ಕಬ್ಬಿಣ ಯುಗ, ಗೋಕಾಕ ಹತ್ತಿರದ ಕೊಣ್ಣೂರು, ಐಹೊಳೆ ಗುಡ್ಡದ ಬೃಹತ್ ಶಿಲಾ ಸಮಾಧಿಗಳಂಥವು ಈ ಚಪ್ಪಟೆ ಜಾಗಕ್ಕೇ ಬಂದು ಬೀಳಬಹುದು ಅನ್ನುವುದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಇಲ್ಲಿ ಒಂದು ವಯಸ್ಸಿನಿಂದ ಏನೂ ಆಗುವುದಿಲ್ಲ. ಒಂದರ ಮೇಲೊಂದು ಇರುವ ಪದರಗಳಿಂದ ಐದಾರು ಕಾಳು ಅಳೆಸಿ, ಕೆಳಗಿನದು ಮೊದಲು, ಮೇಲಿನದು ಆಮೇಲೆ ಅಂತ ಆಕ್ಸ್‌ಕ್ಯಾಲ್‌ಗೆ ಹೇಳಿದರೆ ಅದು ಒಟ್ಟು ಸೇರಿಸಿ ಕಾಲವನ್ನು ಇಕ್ಕಟ್ಟು ಮಾಡಿ ಕೊಡುತ್ತದೆ. ಗುಂಡಿಯ ಗೋಡೆ ಸರಿಯಾಗಿ ಓದಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಮೇಲಿನ ಪದರ ಹಳೆಯದು, ಕೆಳಗಿನದು ಹೊಸದು ಅಂತ ಬಂದರೆ ತಕ್ಷಣ ಲ್ಯಾಬಿಗೆ ಫೋನ್ ಮಾಡಬೇಡಿ. ಬಿರುಕು, ಹಗೇವು, ಹಳೆ ಜಂತಿ, ಈ ಮೂರನ್ನು ಮೊದಲು ನೋಡಿ. ಸರಿ ಬರದ ವಯಸ್ಸನ್ನು ಬಚ್ಚಿಡಬೇಡಿ, ಪಟ್ಟಿಯಲ್ಲಿ ಕಾರಣದ ಸಮೇತ ಹಾಕಿ.

ಪ್ರಬಂಧದಲ್ಲಿ ಬರೆಯುವಾಗ ಲ್ಯಾಬ್ ಸಂಖ್ಯೆ, ಮಾದರಿ ಯಾವುದು, ಹೇಗೆ ತೊಳೆದದ್ದು, ತಿದ್ದದ ಬಿಪಿ ವಯಸ್ಸು, ಡೆಲ್ಟಾ-13, ಯಾವ ವಕ್ರರೇಖೆ, ಶೇಕಡಾ 95ರ ಪೂರ್ತಿ ಅವಧಿ, ಇಷ್ಟನ್ನೂ ಕೊಡಿ. ಅವಧಿಯ ನಡುವಿನ ಒಂದು ವರ್ಷ ಹೆಕ್ಕಿ ಅದೇ ಕಾಲ ಅಂತ ಬರೆಯಬೇಡಿ. ತಿದ್ದದ ಬಿಪಿ ಅಂಕಿಯನ್ನಂತೂ ಬಿಡಲೇಬೇಡಿ. 2013ರ ವಕ್ರರೇಖೆ ಹೋಗಿ 2020ರದ್ದು ಬಂತು, ಇದೂ ಮುಂದೆ ಬದಲಾಗುತ್ತದೆ. ಆಗ ಯಾರಾದರೂ ನಿಮ್ಮ ಕಾಳಿನ ಕಾಲವನ್ನು ಹೊಸದಾಗಿ ಲೆಕ್ಕ ಹಾಕಬೇಕಾದರೆ ಅವರಿಗೆ ಬೇಕಾಗುವುದು ಆ ಅಂಕಿ ಮತ್ತು ಅದರ ಪ್ಲಸ್-ಮೈನಸ್.